ಅಟ್ಟೆಗೆ 840, ಚೆಂಡಿಗೆ 21: ಐದನೇ ತರಗತಿಯ ಒಂದು ಮಲ್ಲಿಗೆ ಪ್ರಾಜೆಕ್ಟ್

ಮಲ್ಲಿಗೆ ಲೆಕ್ಕ ಗೊತ್ತಿಲ್ಲದವರಿಗೆ ಮೊದಲು ಇಷ್ಟು ಹೇಳಿಬಿಡುತ್ತೇನೆ. ಉಡುಪಿ ಕಡೆ ಶಂಕರಪುರ ಮಲ್ಲಿಗೆಯ ವ್ಯಾಪಾರ ಮೊಳದ ಲೆಕ್ಕದಲ್ಲಿ ಇಲ್ಲ. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ರೇಟು ಹೇಳುವುದು ಅಟ್ಟೆಗೆ. ಅದು ದಿನಾ ಬದಲಾಗುತ್ತದೆ, ಪೇಪರಿನಲ್ಲೂ ಬರುತ್ತದೆ. ಮದುವೆ, ಚೌತಿ, ಅಷ್ಟಮಿ ಬಂದರೆ ಏರುತ್ತದೆ, ಹೂವು ರಾಶಿ ಬಿದ್ದರೆ ಇಳಿಯುತ್ತದೆ.

ನಾನು ಪಾಠ ಮಾಡುವುದು ಕಾಪು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆ ವರ್ಷ ಐದನೇ ತರಗತಿಯಲ್ಲಿ 22 ಮಕ್ಕಳಿದ್ದರು. ಒಂಬತ್ತು ಮಕ್ಕಳ ಮನೆಯಂಗಳದಲ್ಲಿ ಮಲ್ಲಿಗೆ ಗಿಡ ಇತ್ತು. ನಾಲ್ಕು ಮಕ್ಕಳು ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರು. ಉಳಿದವರ ಅಪ್ಪ ಅಮ್ಮಂದಿರು ಗ್ಯಾರೇಜು, ಅಂಗಡಿ, ಗೇರುಬೀಜದ ಕಾರ್ಖಾನೆ ಅಂತ ದುಡಿಯುವವರು. ಮನೆ ಮಾತು ಹೆಚ್ಚಿನವರದ್ದು ತುಳು, ಕೆಲವರದ್ದು ಕೊಂಕಣಿ.

ಈ ತರಗತಿಯಲ್ಲಿ ಐದು ವಾರ ನಡೆಸಿದ ಒಂದು ಪ್ರಾಜೆಕ್ಟ್ ಬಗ್ಗೆ ಬರೆಯುತ್ತಿದ್ದೇನೆ. ಅದರಲ್ಲಿ ಮೊದಲ ಎರಡು ವಾರ ಹಾಳಾಯಿತು. ಹಾಳಾದದ್ದು ನನ್ನಿಂದಲೇ.

ತಡವಾಗಿ ಬಂದ ಹುಡುಗಿ

ನವೆಂಬರ್ ತಿಂಗಳ ಒಂದು ಬೆಳಗ್ಗೆ. ಪ್ರಾರ್ಥನೆ ಮುಗಿದ ಮೇಲೆ ಒಬ್ಬಳು ಓಡಿಕೊಂಡು ಬಂದಳು. ಬೆರಳಿಗೆ ಬಾಳೆ ನಾರಿನ ಎಳೆ ಇನ್ನೂ ಅಂಟಿತ್ತು.

“ಎಂತ ಇಷ್ಟು ತಡ?”

“ಇವತ್ತು ಒಂದೂವರೆ ಚೆಂಡು ಇತ್ತು ಟೀಚರ್. ಅಮ್ಮನಿಗೆ ಒಬ್ಬರಿಗೇ ಕಟ್ಟಿ ಆಗುದಿಲ್ಲ.”

“ಎಷ್ಟು ಸಿಗ್ತದೆ ಅದಕ್ಕೆ?” ಸುಮ್ನೆ ಕೇಳಿದೆ.

“ನಿನ್ನೆಯ ರೇಟಾದರೆ 315.” ಕಣ್ಣು ಮಿಟುಕಿಸುವಷ್ಟೂ ಹೊತ್ತು ತಗೊಳ್ಳಲಿಲ್ಲ. ಹಿಂದಿನ ದಿನ ಅಟ್ಟೆಗೆ 840 ಇತ್ತಂತೆ.

ಇದೇ ಹುಡುಗಿ ಭಾಗಾಕಾರದ ಪರೀಕ್ಷೆಯಲ್ಲಿ ಆರಕ್ಕೆ ಒಂದು ಲೆಕ್ಕ ಸರಿ ಮಾಡಿದವಳು. ನನಗೆ ಕುತೂಹಲ ಹುಟ್ಟಿತು. ಕರಿಹಲಗೆಯಲ್ಲಿ 840 ÷ 4 ಅಂತ ಬರೆದು ಮಾಡಲು ಹೇಳಿದೆ. ಎಂಟನ್ನು ನಾಲ್ಕರಿಂದ ಭಾಗಿಸಿ 2 ಬರೆದಳು. ನಾಲ್ಕನ್ನು ನಾಲ್ಕರಿಂದ ಭಾಗಿಸಿ 1 ಬರೆದಳು. ಕೊನೆಯ ಸೊನ್ನೆಯನ್ನು ನೋಡಿದಳು. ಅಲ್ಲಿ ಮಾಡುವಂಥದ್ದು ಏನೂ ಕಾಣಲಿಲ್ಲ, ಸೀಮೆಸುಣ್ಣ ಕೆಳಗಿಟ್ಟಳು. ಉತ್ತರ 21.

“ಒಂದು ಚೆಂಡಿಗೆ ಎಷ್ಟು ಹಾಗಾದರೆ?”

“210.”

“ಹಲಗೆಯಲ್ಲಿ?”

“21.” ಅವಳಿಗೆ ಅದರಲ್ಲಿ ಏನೂ ತಕರಾರಿರಲಿಲ್ಲ. ಅದು ಮನೆ ಲೆಕ್ಕ, ಇದು ಶಾಲೆ ಲೆಕ್ಕ.

ಮನೆಯಲ್ಲಿ ಹೇಗೆ ಮಾಡ್ತೀ ಅಂತ ಕೇಳಿದೆ. “ಅರ್ಧ ಮಾಡಬೇಕು, ಮತ್ತೊಮ್ಮೆ ಅರ್ಧ ಮಾಡಬೇಕು” ಎಂದಳು. 840, 420, 210. ಅದರ ಅರ್ಧ 105. ಎರಡೂ ಕೂಡಿಸಿದರೆ 315. ಎಷ್ಟು ಚೊಕ್ಕ ದಾರಿ, ಅಲ್ವಾ? ಭಾಗಾಕಾರ ಅನ್ನುವ ಪದವೇ ಅದರಲ್ಲಿ ಇಲ್ಲ.

ಇದು ನಮ್ಮ ಶಾಲೆಯ ವಿಚಿತ್ರವೇನೂ ಅಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐದು ಮಕ್ಕಳನ್ನು ಹೀಗೇ ಪರೀಕ್ಷಿಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಗಿತ್ತು. ವ್ಯಾಪಾರದ ನಡುವೆ ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕವನ್ನು ಬರೀ ಅಂಕಿಗಳಲ್ಲಿ ಕೊಟ್ಟಾಗ ನೂರಕ್ಕೆ 37. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜತೆಗಾರರು ದೆಹಲಿ, ಕೋಲ್ಕತ್ತಾ ಮಾರುಕಟ್ಟೆಗಳ ಮಕ್ಕಳಲ್ಲೂ ಇದನ್ನೇ ಕಂಡು 2025ರಲ್ಲಿ ಪ್ರಕಟಿಸಿದರು. ಅದರಲ್ಲಿ ನನಗೆ ಹೆಚ್ಚು ತಟ್ಟಿದ್ದು ಇನ್ನೊಂದು ತುದಿ: ಶಾಲೆಗೆ ಮಾತ್ರ ಹೋಗುವ, ಅಂಕಿ ಲೆಕ್ಕ ಚೆನ್ನಾಗಿ ಮಾಡುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಸೇತುವೆ ಎರಡೂ ಕಡೆಯಿಂದ ಮುರಿದಿದೆ.

ಸೇತುವೆ ಕಟ್ಟಲು ಪ್ರಾಜೆಕ್ಟ್ ಒಳ್ಳೆಯದು ಅಂದುಕೊಂಡೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅನುಭವದ ಮೂಲಕ ಕಲಿಕೆ ಅನ್ನುತ್ತದೆ, ಅದಕ್ಕೂ ಮೊದಲು 2005ರ ಪಠ್ಯಕ್ರಮ ಚೌಕಟ್ಟು ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಿ ಅಂದಿತ್ತು. ಮಾತು ಹಳೆಯದೇ. ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದದ್ದು 1918ರಲ್ಲಿ. ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಪಾಠ ಅಂದದ್ದು 1937ರಲ್ಲಿ. ನಮ್ಮ ಪಕ್ಕದಲ್ಲೇ, ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜತೆ ಪ್ರಯೋಗ ಮಾಡಿದ್ದರು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಪ್ರಾಜೆಕ್ಟ್ ಅಂದರೆ ಏನು? ಸ್ಟೇಷನರಿ ಅಂಗಡಿಯಲ್ಲಿ ಐದು ರೂಪಾಯಿಗೆ ಸಿಗುವ ಚಿತ್ರದ ಹಾಳೆ ಕತ್ತರಿಸಿ ಚಾರ್ಟಿಗೆ ಅಂಟಿಸುವುದು. ಫೈಲು ಅಮ್ಮನದ್ದು, ಅಂಕ ಮಗುವಿನದ್ದು.

ಮೊದಲ ಎರಡು ವಾರ

ಮಕ್ಕಳಿಗೆ ಎರಡು ಪ್ರಶ್ನೆ ಕೊಟ್ಟೆ. ಮಲ್ಲಿಗೆ ರೇಟು ದಿನಾ ಯಾಕೆ ಬದಲಾಗುತ್ತದೆ? ಹೂ ಕಟ್ಟುವ ಒಂದು ಮನೆಗೆ ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ? ವಾರಕ್ಕೆ ಮೂರು ಪೀರಿಯಡ್, ಐದು ಗುಂಪು. ಗಣಿತ, ಪರಿಸರ ಅಧ್ಯಯನ, ಕನ್ನಡ ಮೂರನ್ನೂ ಸೇರಿಸಿಕೊಂಡೆ. ಶುರುವಿಗೆ ಮೊದಲು ಆರು ಭಾಗಾಕಾರದ ಲೆಕ್ಕ ಕೊಟ್ಟು ನೋಡಿದ್ದೆ. ನಾಲ್ಕು ಅಥವಾ ಹೆಚ್ಚು ಸರಿ ಮಾಡಿದವರು ಆರು ಮಕ್ಕಳು.

ಎರಡನೇ ಪ್ರಶ್ನೆ ಮೂರೇ ದಿನಕ್ಕೆ ಬಿದ್ದುಹೋಯಿತು. ಒಬ್ಬ ತಾಯಿ ಗೇಟಿನ ಹತ್ತಿರ ಕಾದು ನಿಂತಿದ್ದರು.

“ನಮ್ಮ ಮನೆಯ ಲೆಕ್ಕ ಶಾಲೆಗೆ ಎಂತಕ್ಕೆ ಟೀಚರ್? ನಾಳೆ ರೇಷನ್ ಕಾರ್ಡಿಗೆ ತೊಂದರೆ ಆದರೆ?”

ಅವರು ಹೇಳಿದ್ದು ನ್ಯಾಯವೇ. ಮನೆಯ ಆದಾಯವನ್ನು ಮಗುವಿನ ಕೈಯಲ್ಲಿ ಬರೆಸಿ ತರಗತಿಯಲ್ಲಿ ಓದಿಸುವುದು ಎಷ್ಟು ಸರಿ ಅಂತ ನಾನು ಯೋಚಿಸಿಯೇ ಇರಲಿಲ್ಲ. ಮರುದಿನ ಬದಲಾಯಿಸಿದೆ. ರೇಟು ಪೇಪರಿನದ್ದು, ಹೂವಿನ ಲೆಕ್ಕ ನಾವೇ ಕಲ್ಪಿಸಿಕೊಂಡ ಒಂದು ಮನೆಯದ್ದು. ಆ ಮನೆಗೆ ಮಕ್ಕಳು ಇಪ್ಪತ್ತು ಗಿಡ, ಒಂದು ನಾಯಿ, ಒಬ್ಬರು ಕೋಪದ ಅಜ್ಜಿಯನ್ನು ಕೊಟ್ಟರು.

ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ತರಗತಿಯಲ್ಲಿ ಗಲಗಲ ಮಾತು. ಹತ್ತಿರದ ಒಂದು ತೋಟಕ್ಕೂ ಹೋಗಿ ಬಂದೆವು. ಬೆಳ್ಳಗಿರಬೇಕಾದ ಕೆಲವು ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ಒಬ್ಬ ನೋಡಿ ಬಿಡಿಸಿದ, ಒಳಗೆ ಹುಳ. ಹತ್ತು ನಿಮಿಷ ಎಲ್ಲರೂ ಆ ಹುಳದ ಸುತ್ತ. ಎರಡನೇ ವಾರದ ಕೊನೆಗೆ ಐದು ಚಾರ್ಟು ಗೋಡೆ ಮೇಲೆ ಬಂತು. ಮೇಲ್ವಿಚಾರಣೆಗೆ ಬಂದವರೊಬ್ಬರು ಫೋಟೊ ತೆಗೆದುಕೊಂಡು ಹೋದರು. ನನಗೂ ಖುಷಿ.

ಶನಿವಾರ ಅದೇ ಮಾದರಿಯ ಆರು ಲೆಕ್ಕ ಮತ್ತೆ ಕೊಟ್ಟೆ. ನಾಲ್ಕು ದಾಟಿದವರು ಏಳು. ಎರಡು ವಾರದಲ್ಲಿ ಒಂದು ಮಗು ಜಾಸ್ತಿ.

ಅಂದು ಮಧ್ಯಾಹ್ನ ಮಕ್ಕಳು ಹೋದ ಮೇಲೆ ಚಾರ್ಟುಗಳ ಎದುರು ಕೂತು, ಯಾರು ಏನು ಮಾಡಿದ್ದರು ಅಂತ ನೆನಪು ಮಾಡಿಕೊಂಡೆ. ಪ್ರತಿ ಗುಂಪಿನಲ್ಲೂ ಲೆಕ್ಕ ಹಾಕಿದವರು ಒಬ್ಬಿಬ್ಬರು. ಅವರು ಮೊದಲೇ ಲೆಕ್ಕ ಬರುವವರು. ಅಕ್ಷರ ದುಂಡಗಿದ್ದವಳು ತಲೆಬರಹ ಬರೆದಳು. ಉಳಿದವರು ಬಣ್ಣ ತುಂಬಿದರು. ಕೊಪ್ಪಳದ ಕಡೆಯ ಒಬ್ಬ ಹುಡುಗ ಅಷ್ಟೂ ಪೀರಿಯಡ್ ಅಂಚಿಗೆ ಹಸಿರು ಎಲೆ ಬಿಡಿಸಿದ್ದ. ಎಲೆ ಬಹಳ ಚೆಂದ ಇತ್ತು. ಗುಂಪು ಮಾಡಿದರೆ ಮಕ್ಕಳು ಕೆಲಸ ಹಂಚಿಕೊಳ್ಳುತ್ತಾರೆ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಹಂಚಿಕೊಳ್ಳುವುದು ನಿಜ. ಯಾರಿಗೆ ಯಾವುದು ಬರುತ್ತದೋ ಅದನ್ನೇ ಹಂಚಿಕೊಳ್ಳುತ್ತಾರೆ. ಬಾರದ್ದನ್ನು ಕಲಿಯುವ ಸರದಿ ಯಾರಿಗೂ ಬರುವುದಿಲ್ಲ.

ಸೋಮವಾರ ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಟ್ಟೆಯ ರೇಟು ಗೊತ್ತಿದ್ದರೆ ಚೆಂಡಿನ ರೇಟು ಹೇಗೆ ಸಿಗುತ್ತದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಕೇಳಿದ: “ಅಟ್ಟೆ ಅಂದ್ರ ಏನ್ರಿ ಟೀಚರ್?”

ಎರಡು ವಾರ! ಅಟ್ಟೆ ಅಂದರೇನು ಅಂತ ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಮ್ಮೂರಿನ ವಿಷಯ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಆಮೇಲೆ ಕೈ ಎತ್ತಿಸಿ ನೋಡಿದರೆ, ಇಲ್ಲೇ ಹುಟ್ಟಿ ಬೆಳೆದ ಐದು ಮಕ್ಕಳಿಗೂ ಚೆಂಡಿಗೂ ಅಟ್ಟೆಗೂ ಇರುವ ಸಂಬಂಧ ಗೊತ್ತಿರಲಿಲ್ಲ.

ನಿಲ್ಲಿಸಿ ಕಲಿಸಿದ ನಾಲ್ಕು ದಿನ

ಪ್ರಾಜೆಕ್ಟನ್ನು ನಾಲ್ಕು ದಿನ ನಿಲ್ಲಿಸಿದೆ. ಹಳೆಯ ಕಾಲದ ಮಾಸ್ತರರ ಹಾಗೆ ಹಲಗೆ ಎದುರು ನಿಂತು ಭಾಗಾಕಾರ ಕಲಿಸಿದೆ. ಮಕ್ಕಳು ತಾವೇ ಕಂಡುಕೊಳ್ಳಲಿ ಅಂತ ಕಾಯುತ್ತ ಕೂತಿದ್ದರೆ ಸ್ಥಾನಬೆಲೆ ಯಾರಿಗೂ ತಾನಾಗಿ ಹೊಳೆಯುತ್ತಿರಲಿಲ್ಲ. ಇದನ್ನು ಪ್ರಾಜೆಕ್ಟ್ ಮೆಚ್ಚುವವರು ಒಪ್ಪಲಿಕ್ಕಿಲ್ಲ. ನನಗೆ ಮಾತ್ರ ಈ ನಾಲ್ಕು ದಿನವೇ ಇಡೀ ಕೆಲಸದ ನಡುಗಂಬ.

ಹಳೆ ಕ್ಯಾಲೆಂಡರಿನ ಹಾಳೆ ಕತ್ತರಿಸಿ ನೂರರ, ಹತ್ತರ ನೋಟು ಮಾಡಿದೆವು. ಒಂದು ರೂಪಾಯಿಗೆ ಮಂಜೊಟ್ಟಿ ಕಾಯಿ, ಚೆನ್ನೆಮಣೆಗೆ ಹಾಕುತ್ತೇವಲ್ಲ, ಆ ಕೆಂಪು ಬೀಜ. ನಾಲ್ವರನ್ನು ನೆಲದ ಮೇಲೆ ಕೂರಿಸಿದೆ. ಒಬ್ಬೊಬ್ಬರೂ ಒಂದೊಂದು ಚೆಂಡು. ಬೆಳಗ್ಗೆ ತಡವಾಗಿ ಬಂದಿದ್ದಳಲ್ಲ, ಅವಳ ಕೈಗೆ 840 ಕೊಟ್ಟೆ: ಎಂಟು ನೂರು, ನಾಲ್ಕು ಹತ್ತು, ಬೀಜ ಇಲ್ಲ.

ನೂರರ ನೋಟು ಎರಡೆರಡು ಹಂಚಿದಳು. ಹಲಗೆಯಲ್ಲಿ ಇನ್ನೊಬ್ಬ 2 ಬರೆದ. ಹತ್ತರ ನೋಟು ಒಂದೊಂದು. 1 ಬರೆದ. “ಬೀಜ?” ಅಂದೆ. “ಇಲ್ಲ” ಅಂದಳು. ಹಲಗೆ ಹತ್ತಿರ ಇದ್ದವನು ಏನೂ ಬರೆಯದೆ ತಿರುಗಿದ.

“ಹಲಗೆಯಲ್ಲಿ ಎಷ್ಟಿದೆ ಈಗ?”

“21.”

“ಇವರ ಕೈಯಲ್ಲಿ?”

ಅವಳು ನೋಡಿದಳು. ಎರಡು ನೂರು, ಒಂದು ಹತ್ತು. ಮತ್ತೆ ಹಲಗೆ ನೋಡಿದಳು. “ಟೀಚರ್, 189 ರೂಪಾಯಿ ಎಲ್ಲಿ ಹೋಯ್ತು? ಅಮ್ಮ ಬಯ್ತಾರೆ!” ಇಡೀ ತರಗತಿ ನಕ್ಕಿತು. ಹಲಗೆ ಹತ್ತಿರದವನು ಓಡಿ ಸೊನ್ನೆ ಬರೆದ.

ಮರುದಿನ 420. ಈಗ ತೊಡಕು ನಡುವಿನಲ್ಲಿ. ನೂರು ಒಂದೊಂದು ಕೊಟ್ಟ ಮೇಲೆ ಎರಡು ಹತ್ತು ಉಳಿಯಿತು, ನಾಲ್ವರಿಗೆ ಸಾಲದು. ಹಾಗಾದರೆ ಹತ್ತರ ಜಾಗದಲ್ಲಿ? “ಯಾರಿಗೂ ಸಿಗಲಿಲ್ಲ ಅಂತ ಬರೀಬೇಕು.” ಹತ್ತನ್ನು ಬೀಜಕ್ಕೆ ಚಿಲ್ಲರೆ ಮಾಡಿದರೆ 20, ಐದೈದು. 105. ಹಿಂದಿನ ಪರೀಕ್ಷೆಯಲ್ಲಿ ಹದಿಮೂರು ಮಕ್ಕಳು ಇದಕ್ಕೆ 15 ಬರೆದಿದ್ದರು.

ಇಷ್ಟಾದ ಮೇಲೆ ಹುಡುಗಿಯ ಅರ್ಧದ ಅರ್ಧವನ್ನು ಹಲಗೆಯ ಎಡಕ್ಕೆ, ಭಾಗಾಕಾರವನ್ನು ಬಲಕ್ಕೆ ಬರೆದೆ. ಎರಡೂ ಒಂದೇ ಉತ್ತರಕ್ಕೆ ಬರಬೇಕು, ಬರದಿದ್ದರೆ ಎಲ್ಲೋ ಹೂವು ಉದುರಿದೆ ಅಂತ ಅರ್ಥ. ಮನೆ ದಾರಿಯಿಂದ ಶಾಲೆ ದಾರಿಯನ್ನು ತಾಳೆ ನೋಡುವುದು ಮಕ್ಕಳಿಗೆ ಒಂದು ಆಟವೇ ಆಗಿಬಿಟ್ಟಿತು.

ಪುಸ್ತಕ ಎಲ್ಲರ ಕೈಗೆ

ಉಳಿದ ಎರಡೂವರೆ ವಾರಕ್ಕೆ ನಿಯಮ ಬದಲಾಯಿತು. ಚಾರ್ಟು ಬೇಡ. ಪ್ರತಿ ಮಗುವಿಗೂ ಸ್ವಂತದ ಒಂದು ‘ಹೂವಿನ ಪುಸ್ತಕ’. ಬೆಳಗ್ಗೆ ಪ್ರಾರ್ಥನೆಯಲ್ಲಿ ಪೇಪರ್ ಓದುವಾಗ ಮಲ್ಲಿಗೆ ರೇಟೂ ಓದುವುದು. ಅದನ್ನು ಎಲ್ಲರೂ ಬರೆದು, ಚೆಂಡಿನ ರೇಟು ತೆಗೆದು, ನಮ್ಮ ಕಲ್ಪನೆಯ ಮನೆಯ ಅಂದಿನ ಸಂಪಾದನೆ ಬರೆಯುವುದು. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ರೇಟಿನ ಗೆರೆ ಮುಂದುವರಿಸುವ ಸರದಿ ದಿನಕ್ಕೊಬ್ಬರಿಗೆ. ಸರದಿ ತಪ್ಪಿಸುವಂತಿಲ್ಲ, ಬೇರೆಯವರು ಮಾಡಿಕೊಡುವಂತಿಲ್ಲ.

ಚಳಿ ಬಿದ್ದು ಹೂವು ಕಡಿಮೆಯಾಗುತ್ತ ಬಂದ ಹಾಗೆ ಗೆರೆ ಮೇಲೇರಿತು. ಹೂವು ಕಡಿಮೆ, ರೇಟು ಜಾಸ್ತಿ. “ಹಾಗಾದರೆ ಮನೆಗೆ ಲಾಭವಾ ನಷ್ಟವಾ?” ಪ್ರಶ್ನೆ ನನ್ನದಲ್ಲ, ಹಿಂದಿನ ಬೆಂಚಿನದ್ದು. ಎರಡು ಚೆಂಡು ಸಿಗುತ್ತಿದ್ದ ಮನೆಗೆ ಈಗ ಅರ್ಧ ಚೆಂಡು ಸಿಕ್ಕಿದರೆ, ರೇಟು ಎರಡು ಪಟ್ಟಾದರೂ ಕೈಗೆ ಬರುವುದು ಅರ್ಧವೇ. ಇದನ್ನು ಲೆಕ್ಕ ಹಾಕಿ ಕಂಡುಕೊಂಡಾಗ ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಒಂದು ದಿನ ರೇಟು 1,250 ಬಂತು. ಚೆಂಡಿಗೆ 312, ಮೇಲೆ ಎರಡು ರೂಪಾಯಿ ಉಳಿಯಿತು. ನಾಲ್ವರಿಗೆ ಎರಡು ರೂಪಾಯಿ. ಐವತ್ತು ಪೈಸೆ ಅಂದರೆ ಏನು ಅಂತ ಅರ್ಧ ತರಗತಿಗೆ ಗೊತ್ತಿಲ್ಲ! ಅವರು ಆ ನಾಣ್ಯ ನೋಡಿಯೇ ಇಲ್ಲ. ದಶಮಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಗುತ್ತಿರಲಿಲ್ಲ.

ಕನ್ನಡದಲ್ಲಿ ಆದದ್ದು ಬೇರೆ ಥರ. ಹೂ ಕಟ್ಟುವವರ ಹತ್ತಿರ ತುಳುವಿನಲ್ಲಿ ಮಾತಾಡಿ, ಕನ್ನಡದಲ್ಲಿ ಬರೆಯಬೇಕಿತ್ತು. ಬರವಣಿಗೆ ಉದ್ದವಾಯಿತು, ಚಂದ ಆಯಿತು ಅಂತ ಹೇಳಲಾರೆ. ಆದರೆ ಕೊಪ್ಪಳದ ಹುಡುಗ “ಒಂದು ಚೆಂಡು ಕಟ್ಟಲು ಎರಡು ತಾಸು ಬೇಕು” ಅಂತ ಬರೆದು ಓದಿದಾಗ, ತಾಸು ಅಂದರೆ ಗಂಟೆ ಅಂತ ಇಡೀ ತರಗತಿಗೆ ಅವನು ಹೇಳಿಕೊಡಬೇಕಾಯಿತು. ಅಟ್ಟೆ ಕೇಳಿದವನು ತಾಸು ಕಲಿಸಿದ.

ಬೇಸರವೂ ಬಂತು. ನಾಲ್ಕನೇ ವಾರಕ್ಕೆ “ಇವತ್ತೂ ಹೂವೇನಾ ಟೀಚರ್?” ಶುರುವಾಯಿತು. ಪ್ರಾಜೆಕ್ಟ್ ಅಂದರೆ ಮಕ್ಕಳಿಗೆ ಯಾವಾಗಲೂ ಹುಮ್ಮಸ್ಸು ಅನ್ನುವ ಮಾತನ್ನು ನಾನು ಈಗ ಪೂರ್ತಿ ನಂಬುವುದಿಲ್ಲ. ಅಮೆರಿಕದ ಮಿಷಿಗನ್‌ನ ಬಡ ಪ್ರದೇಶಗಳ ಶಾಲೆಗಳಲ್ಲಿ ಎರಡನೇ ತರಗತಿಯ ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಹೀಗೇ ಇದೆ. 48 ಶಿಕ್ಷಕರು, 684 ಮಕ್ಕಳು. ಪ್ರಾಜೆಕ್ಟ್ ಮಾಡಿದ ಮಕ್ಕಳು ಸಮಾಜ ವಿಜ್ಞಾನದಲ್ಲಿ, ಮಾಹಿತಿ ಪಾಠಗಳ ಓದಿನಲ್ಲಿ ಮುಂದೆ ಬಂದರು. ಬರವಣಿಗೆಯಲ್ಲಿ, ಕಲಿಯುವ ಹುಮ್ಮಸ್ಸಿನಲ್ಲಿ ಮಾತ್ರ ಉಳಿದವರಿಗಿಂತ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಅಲ್ಲಿನ ಶಿಕ್ಷಕರಿಗೆ ದಿನದಿನದ ಪಾಠ ಯೋಜನೆ ಕೈಗೆ ಕೊಟ್ಟಿದ್ದರು ಅನ್ನುವುದನ್ನು ನಾವು ಮರೆಯಬಾರದು. ನಮಗೆ ಸಿಗುವುದು ಒಂದು ಸುತ್ತೋಲೆ.

ಮಾರ್ಚ್ ಲೆಕ್ಕ

ಐದನೇ ವಾರದ ಕೊನೆಗೆ ಆರರಲ್ಲಿ ನಾಲ್ಕು ದಾಟಿದವರು 15. ಕೇಳಲು ಚೆನ್ನಾಗಿದೆ. ಆದರೆ ಆರರಲ್ಲಿ ಮೂರು ಲೆಕ್ಕ ನಾಲ್ಕರಿಂದ ಭಾಗಿಸುವಂಥದ್ದು. ಅದಕ್ಕೆ ಮಾರ್ಚ್‌ನಲ್ಲಿ, ಹೂವಿನ ಮಾತೇ ಇಲ್ಲದೆ, 618 ÷ 3 ಕೊಟ್ಟೆ. ಕೊಪ್ಪಳದ ಹುಡುಗ ಆ ಹೊತ್ತಿಗೆ ಅಪ್ಪ ಅಮ್ಮನ ಜತೆ ಊರಿಗೆ ಹೋಗಿದ್ದ. ಇದ್ದ 21 ಮಕ್ಕಳಲ್ಲಿ 12 ಮಂದಿ 206 ಬರೆದರು. ಆರು ಮಂದಿ 26. ಉಳಿದವರದ್ದು ಏನೇನೋ.

ಆ ಆರು ಮಕ್ಕಳಲ್ಲಿ ನಾಲ್ವರು 420 ÷ 4 ಸರಿಯಾಗಿ ಮಾಡಿದವರೇ. ಹೂವಿನಲ್ಲಿ ಸೊನ್ನೆ ಬಿಡುವುದಿಲ್ಲ, ಪುಸ್ತಕದಲ್ಲಿ ಬಿಡುತ್ತಾರೆ. ಅರ್ಧ ಮಾಡುವ ದಾರಿ ಮೂರಕ್ಕೆ ನಡೆಯುವುದಿಲ್ಲ, ತಾಳೆ ನೋಡಲು ಅವರ ಹತ್ತಿರ ಏನೂ ಇರಲಿಲ್ಲ. ನಾನು ಮೂರರಿಂದ, ಆರರಿಂದ ಹಂಚುವ ಸಂದರ್ಭಗಳನ್ನು ಪ್ರಾಜೆಕ್ಟಿನೊಳಗೇ ತರಬೇಕಿತ್ತು. ಹೂ ಕಟ್ಟಲು ಮೂವರು ಕೂತರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಮೊಗ್ಗು ಅಂತ ಕೇಳಿದ್ದರೂ ಸಾಕಿತ್ತು. ಹೊಳೆಯಲಿಲ್ಲ.

ತಡವಾಗಿ ಬಂದ ಹುಡುಗಿ 206 ಬರೆದಿದ್ದಳು. ಅಂಚಿನಲ್ಲಿ ಪೆನ್ಸಿಲ್‌ನಿಂದ ಆರು ಚೌಕ, ಒಂದು ಉದ್ದ ಗೆರೆ, ಎಂಟು ಚುಕ್ಕೆ. ನೂರರ ನೋಟು, ಹತ್ತರ ನೋಟು, ಮಂಜೊಟ್ಟಿ. ಗೆರೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಹತ್ತು ಚುಕ್ಕೆ ಹಾಕಿದ್ದಳು.

ಈ ಫಲ ಎಷ್ಟು ಪ್ರಾಜೆಕ್ಟಿನದ್ದು, ಎಷ್ಟು ನಾಲ್ಕು ದಿನದ ಪಾಠದ್ದು ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಹೋಲಿಸಲು ಇನ್ನೊಂದು ತರಗತಿ ನಮ್ಮಲ್ಲಿ ಇರಲಿಲ್ಲ. ಬೆಲೆಯನ್ನೂ ತೆತ್ತಿದ್ದೇವೆ: ಭಿನ್ನರಾಶಿ ಪಾಠ ಎರಡು ವಾರ ಹಿಂದೆ ಬಿತ್ತು, ಸಂಕಲನಾತ್ಮಕ ಪರೀಕ್ಷೆ ಹತ್ತಿರ ಬಂದಾಗ ಹೆಡ್‌ಮಾಸ್ಟರ್ ಮುಖ ಗಂಟಾಯಿತು, ಎರಡು ಶನಿವಾರ ಹೆಚ್ಚಿಗೆ ತರಗತಿ ತಗೊಂಡೆ. ಮಕ್ಕಳು ಮೊದಲ ವಾರಗಳಲ್ಲಿ ಲೆಕ್ಕದ ಅಗತ್ಯವನ್ನು ಕಂಡದ್ದರಿಂದಲೇ ಆ ನಾಲ್ಕು ದಿನದ ಪಾಠ ಒಳಗೆ ಇಳಿಯಿತು ಅಂತ ನನ್ನ ಊಹೆ. 189 ರೂಪಾಯಿ ಹೋಯಿತು ಅಂತ ಗಾಬರಿಯಾಗಲು, ಆ 189 ರೂಪಾಯಿ ಯಾರದ್ದೋ ಆಗಿರಬೇಕಲ್ಲ.

ಈ ವರ್ಷದ ಐದನೇ ತರಗತಿಗೆ ಬಾವಿ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಬೀಳುವ ಜಿಲ್ಲೆಯಲ್ಲಿ ಏಪ್ರಿಲ್ ಹೊತ್ತಿಗೆ ಬಾವಿಯ ತಳ ಯಾಕೆ ಕಾಣುತ್ತದೆ ಅನ್ನುವುದು ಪ್ರಶ್ನೆ. ಪ್ರತಿ ಸೋಮವಾರ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸುತ್ತೇವೆ, ಒದ್ದೆಯಾದಷ್ಟು ಹಗ್ಗ ಅಳೆಯುತ್ತೇವೆ. ಬಾವಿಕಟ್ಟೆಯ ಹತ್ತಿರ ನಾನು, ಇನ್ನೊಬ್ಬರು ಟೀಚರ್, ಮಕ್ಕಳು ಎರಡೆರಡೇ. ಮೊದಲ ದಿನವೇ ಬಾವಿ, ರಾಟೆ, ಮೊಳ, ಮಾರು ಎಲ್ಲದರ ಅರ್ಥ ಹಲಗೆಯಲ್ಲಿ ಬರೆದೆ. ಬಣ್ಣದ ಚಾರ್ಟ್ ಪೇಪರ್ ಕಪಾಟಿನಲ್ಲಿದೆ, ಬೀಗದ ಕೈ ನನ್ನ ಚೀಲದಲ್ಲಿ.